ಎರಡನೆಯ ಹಗ್ಗ

ಪರ್ಸಿ ಗಾಸ್ಲಿಂಗ್‌ನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೋಗಿದ್ದವು. ಉಳಿದ ಮೂರು ಬೆರಳಲ್ಲೇ ಅವನು ಸ್ವೇಬಿ ಚರ್ಚಿನ ಎರಡನೆಯ ಗಂಟೆಯನ್ನು ನಲವತ್ತು ವರ್ಷ ಎಳೆದಿದ್ದ. ಇವತ್ತು ಅವನ ಮಣ್ಣು. ಪಕ್ಕದೂರಿನ ಪೋಸ್ಟ್‌ಮ್ಯಾನ್ ಸಿರಿಲ್ ಆ ಹಗ್ಗಕ್ಕೆ ಕೈ ಹಾಕಿದ್ದು ಕಂಡು ಮೂರನೆಯ ಗಂಟೆ ಎಳೆಯುವ ಈನಿಡ್, "ಬಿಡು ಅದನ್ನ" ಎಂದಳು.

ಸಿರಿಲ್ ಬಿಟ್ಟ. ಗಂಟೆಯವರ ಹಿರಿಯ ರೆಗ್ ಕೋಟು ಬಿಚ್ಚುತ್ತಿದ್ದವನು ಅರ್ಧಕ್ಕೇ ನಿಂತ.

"ಇರೋ ಗಂಟೆ ಐದು, ಎಳೆಯೋಕೆ ಐದು ಜನ ಬೇಕು. ಹದಿನಾರು ಮನೆ ಊರಲ್ಲಿ ಇನ್ನೊಬ್ಬನ್ನ ಎಲ್ಲಿಂದ ತರಲಿ? ನಾನೇ ಕರೆಸಿದ್ದು."

"ಆ ಊರೋರು ಗಂಟೆ ಹೊಡೆಯಲ್ಲ, ಮೆಟ್ಟಿಲ ಮೇಲಿಂದ ಬಕೆಟ್ ಉರುಳಿಸ್ತಾರೆ ಅಂತ ಪರ್ಸಿನೇ ಹೇಳ್ತಿದ್ದ."

"ನನ್ನೆದುರೇ ಹೇಳಿದ್ದ," ಎಂದ ಸಿರಿಲ್, ಬೇಜಾರಿಲ್ಲದೆ.

"ಪರ್ಸಿ ಜಾಗ ಖಾಲಿ ಇರ್ಲಿ ರೆಗ್. ನಾಲ್ಕೇ ಹೊಡೆಯೋಣ."

"ಆ ಖಾಲಿ ಜಾಗದ ಹಿಂದೇನೇ ನಿನ್ನ ಗಂಟೆ. ಯಾರ ಕೈ ನೋಡಿ ಎಳೀತೀಯ? ಇವತ್ತೇ ಊರೋರು ನಗಬೇಕಾ?"

"ತಪ್ಪಿದ್ರೆ ಇನ್ನು ಗೋಪುರ ಹತ್ತಲ್ಲ."

"ಹಟಮಾರಿ," ಎಂದ ರೆಗ್, ಸಿರಿಲ್‌ಗೆ ಬೆಂಚು ತೋರಿಸಿದ.

\*

ಯುದ್ಧ ಮುಗಿದ ಮರುವರ್ಷ ಅವಳು ಮೊದಲ ಸಲ ಹಗ್ಗ ಹಿಡಿದಾಗ ಪರ್ಸಿ ಹೇಳಿದ್ದು ಇಷ್ಟೇ: "ಮುಖ ನೋಡಬೇಡ, ಕೈ ನೋಡು. ನನ್ನ ಕೈ ಇಳಿದ ಮೇಲೆ ನಿಂದು."

ವಾರಕ್ಕೆರಡು ಸಲ ಆ ಮೂರು ಬೆರಳು ನೋಡಿದಳು. ಒಂದು ಸುಗ್ಗಿಯ ಭಾನುವಾರ ಮಾತ್ರ ಕಣ್ಣು ಮೇಲಕ್ಕೆ ಹೋಯಿತು. ಗಂಟೆಗಳ ಸದ್ದು ಒಂದರ ಮೇಲೊಂದು ಬಿತ್ತು. ರೆಗ್ ತಿಂಗಳೆಲ್ಲ ಬೈದ.

ಅಂದು ಇಳಿಯುವಾಗ ಪರ್ಸಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ತಿರುಗಿದ.

"ಏನು ನೋಡ್ತಿದ್ದೆ?"

"ಏನಿಲ್ಲ."

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಟೋಪಿ ಹಾಕಿಕೊಂಡು ಇಳಿದುಹೋದ. ಇಬ್ಬರೂ ಮದುವೆಯಾಗಲಿಲ್ಲ. ಅವನ ಕಣ್ಣು ಯಾವ ಬಣ್ಣವೆಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

\*

ಕೆಳಗೆ ಜಲ್ಲಿಯ ಮೇಲೆ ಶವಪೆಟ್ಟಿಗೆ ಹೊತ್ತವರ ಹೆಜ್ಜೆ ಕೇಳಿಸಿತು. ಗಂಟೆ ಎಳೆಯುವ ಕೋಣೆಯಿಂದ ಪೆಟ್ಟಿಗೆ ಕಾಣುವುದಿಲ್ಲ.

ರೆಗ್ ತಲೆಯಾಡಿಸಿದ. ಮೊದಲನೆಯ ಗಂಟೆಯ ಏಟು ಬಿತ್ತು. ಅಲ್ಲಾಡದೆ ಜೋತುಬಿದ್ದಿದ್ದ ಪರ್ಸಿಯ ಹಗ್ಗದ ಮೇಲೆ ಈನಿಡ್ ಕಣ್ಣಿಟ್ಟಳು. ಒಂದು ಕೈ ಇಳಿಯುವಷ್ಟು ಹೊತ್ತು ಕಾದು ಎಳೆದಳು. ಏಟು ಸರಿಯಾದ ಜಾಗಕ್ಕೆ ಬಿತ್ತು. ರೆಗ್ ಅವಳ ಕಡೆ ನೋಡುವುದನ್ನು ಬಿಟ್ಟ.

ಪರ್ಸಿ ಬದುಕಿದ ವರ್ಷಕ್ಕೊಂದರಂತೆ ಎಪ್ಪತ್ತೆರಡು ಸುತ್ತು. ಬೆಂಚಿನ ಮೇಲೆ ಸಿರಿಲ್ ಬೆರಳು ಮಡಚಿ ಎಣಿಸಿದ. ಮುನ್ನೂರ ಅರವತ್ತು ಏಟು ಬೀಳಬೇಕಿತ್ತು. ಇನ್ನೂರ ಎಂಬತ್ತೆಂಟು ಬಿದ್ದವು. ಪರ್ಸಿಯ ಎಪ್ಪತ್ತೆರಡು ಬೀಳಲಿಲ್ಲ.