ಹಿತ್ತಲು ಸೇರಿದ ತೋಪಿನ ಕಲ್ಲು

ಯಲ್ದೂರಿನ ಆಚೆಗಿರುವ ಒಂದು ಹಳ್ಳಿಯಲ್ಲಿ ಕಲ್ಲುಗಳಿಗೆ ಕಾಲು ಬಂದವು. ಸರ್ಕಾರ ಹಣ ಕೊಟ್ಟು ಊರ ತೋಪಿನಲ್ಲಿ ಚಪ್ಪಡಿ ಹಾಸಿದ ಕಾಲುದಾರಿ ಮಾಡಿಸಿತ್ತು. ಹೊಂಗೆ, ನೇರಳೆ ಸಸಿ ನೆಡಿಸಿ, ಕೂರಲು ಕಲ್ಲುಬೆಂಚು ಹಾಕಿಸಿತ್ತು. ವರ್ಷ ತುಂಬುವಷ್ಟರಲ್ಲಿ ಸಸಿಗೆ ಕಟ್ಟಿದ ಮುಳ್ಳುಬೇಲಿ ಒಲೆಗೆ ಹೋಯಿತು. ಸಸಿಗಳನ್ನು ಮೇಕೆ ತಿಂದವು. ಚಪ್ಪಡಿಗಳು ಒಂದೊಂದಾಗಿ ಮಾಯವಾದವು. ಕಾಲು ಬಂದ ಕಲ್ಲು ಎಲ್ಲಿಗೆ ಹೋಗುತ್ತದೆ? ಯಾರದೋ ಹಿತ್ತಲಿಗೆ.

ಗಂಗುಲಪ್ಪನ ಹಿತ್ತಲಲ್ಲೂ ಒಂದಿತ್ತು. ಅವನ ಹೆಂಡತಿ ಮುನಿಗಂಗಮ್ಮ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಎಲ್ಲಿಂದ ಬಂತು ಎಂದು ಅವಳೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಶರೀಫುನ್ನೀಸಾ ಬಂದಳು. ಅವಳ ಮಗಳು ಗೌಹರ್, ಗಂಗುಲಪ್ಪನ ಮಗಳು ಭಾರತಿ, ಇಬ್ಬರೂ ಏಳನೇ ಕ್ಲಾಸು. ಮುಂದೆ ಓದಬೇಕಾದರೆ ಯಲ್ದೂರಿಗೆ ನಡೆಯಬೇಕು. ತೋಪು ದಾಟಿದರೆ ದಾರಿಯಲ್ಲಿ ದೊಡ್ಡ ಕೊರಕಲು. ಮಳೆ ಬಂತೆಂದರೆ ಅಲ್ಲಿ ಸೊಂಟದ ಮಟ್ಟ ನೀರು.

"ಗಂಗುಲಪ್ಪಣ್ಣ, ನಿನ್ನೆ ಶ್ರೀನಿವಾಸಪುರದ ಬ್ಲಾಕ್ ಆಫೀಸಿಗೆ ಹೋಗಿದ್ದೆ. ದಾರೀನ ಯಲ್ದೂರು ತನಕ ಯಾವಾಗ ಹಾಕ್ತೀರ ಸಾರ್ ಅಂದೆ. 'ಹಾಕಿದ ಕಲ್ಲನ್ನೇ ನುಂಗಿದೀರಂತೆ, ಇನ್ನೂ ಬೇಕಾ?' ಅಂದ್ರು ಸಾಹೇಬ್ರು. ನಾನು ಕದ್ದಿಲ್ಲ. ಆದ್ರೂ ತಲೆ ತಗ್ಗಿಸ್ಕೊಂಡು ಬಂದೆ. ಮುಂದಿನ ವಾರ ನೋಡೋಕೆ ಬರ್ತಾರಂತೆ. ಈ ದಾರಿ ನೆಟ್ಟಗಿದ್ರೇನೇ ಮುಂದಿನ ದಾರಿಗೆ ದುಡ್ಡು."

ಗಂಗುಲಪ್ಪ ಬೀಡಿ ಹಚ್ಚಿದ. "ಪಾರ್ಕು ಗೀರ್ಕು ಪ್ಯಾಟೆಯೋರಿಗೆ ಬೂಬಮ್ಮ. ಸರ್ಕಾರದ ಕಲ್ಲು, ಹೋದ್ರೆ ಹೋಯ್ತು. ನಮ್ಮಪ್ಪನ ಗಂಟೇನು ಹೋಯ್ತು?"

"ನಿಮ್ಮಪ್ಪನ ಗಂಟೇ ಹೋಗಿದ್ದು! ಆ ಕಡ್ಡಿಪೆಟ್ಟಿಗೆ ತಗೊಂಡಾಗ ತೆರಿಗೆ ಕಟ್ಟಿದೀಯ. ಸೋಪಿಗೆ ಕಟ್ಟಿದೀಯ, ಸಿನಿಮಾ ಟಿಕೀಟಿಗೆ ಕಟ್ಟಿದೀಯ. ಆ ದುಡ್ಡೇ ಕಲ್ಲಾಗಿ ಬಂದಿದ್ದು. ನಿನ್ನ ಜೇಬಿಗೆ ನೀನೇ ಕೈ ಹಾಕ್ದೆ. ನನ್ನ ಜೇಬಿಗೂ ಹಾಕ್ದೆ. ನಾಳೆ ಹೆಂಗಸರೆಲ್ಲ ಮನೆಮನೆಗೆ ಬರ್ತೀವಿ, ಕಲ್ಲು ಎತ್ತಿಸ್ತೀವಿ."

ಮಾರನೇ ದಿನ ಹೆಂಗಸರು ಬಂದಾಗ ಗಂಗುಲಪ್ಪನ ಹಿತ್ತಲ ಗೋಡೆಗೆ ಚಪ್ಪಡಿ ಒರಗಿ ನಿಂತಿತ್ತು. ಮೈಗೆಲ್ಲ ಅರಿಶಿನ, ನಡುವೆ ಕುಂಕುಮ, ಮೇಲೆ ಬೇವಿನ ಸೊಪ್ಪು, ಮುಂದೆ ಒಡೆದ ತೆಂಗಿನಕಾಯಿ. ಗಂಗುಲಪ್ಪ ಕೈಮುಗಿದು ನಿಂತಿದ್ದ.

"ಕನಸಲ್ಲಿ ಊರ ದೇವತೆ ಸಪ್ಪಲಮ್ಮ ಬಂದಿದ್ಳು. ಈ ಕಲ್ಲಲ್ಲೇ ಇದೀನಿ ಅಂದ್ಳು. ಇನ್ನು ಯಾರೂ ಮುಟ್ಟಂಗಿಲ್ಲ."

ಹೆಂಗಸರು ಹಿಂದೆ ಸರಿದರು. ಶರೀಫುನ್ನೀಸಾ "ನಿಮ್ಮ ದೇವ್ರ ವಿಷ್ಯ, ನಾನೇನು ಹೇಳ್ಲಿ" ಎಂದು ತಿರುಗಿದಳು.

ಆಗ ಮುನಿಗಂಗಮ್ಮ ಒಳಗಿಂದ ಬಂದಳು.

"ಏನಯ್ಯಾ, ಮೊನ್ನೆ ಇದರ ಮೇಲೇ ನಿನ್ನ ಚಡ್ಡಿ ಕುಕ್ಕಿ ಕುಕ್ಕಿ ಒಗ್ದೆ. ಅವಾಗ ಎಲ್ಲಿ ಹೋಗಿದ್ಳು ಸಪ್ಪಲಮ್ಮ?"

"ಲೇ, ಸುಮ್ನಿರೇ. ಕಣ್ಣು ಹೋಗ್ತವೆ."

"ಹೋಗೋದು ಕಣ್ಣಲ್ಲ, ನನ್ನ ಮಗಳ ಓದು! ಕೊರಕಲು ದಾಟೋಕಾಗದೆ ಮನೇಲಿ ಕೂತ್ರೆ, ನಾಳೆ ಮದುವೆ ಮಾಡಿ ಕಳಿಸೋಣ ಅಂತೀಯ. ನಮ್ಮಪ್ಪ ನನ್ನ ಕಳಿಸಿದಂಗೆ. ಕದ್ದಿದ್ದು ಸಾಲದು ಅಂತ ದೇವ್ರನ್ನ ಕಾವಲಿಗೆ ಕೂರಿಸ್ತೀಯಾ? ಸರಿ, ಅಮ್ಮನೋರೇ ಅನ್ನು. ನಮ್ಮ ಬಚ್ಚಲ ನೀರು ಹರಿಯೋ ಜಾಗದಲ್ಲಿ ಅಮ್ಮನೋರಿಗೇನು ಕೆಲಸ? ತೋಪಿಂದ ಬಂದೋಳು ತೋಪಿಗೇ ಹೋಗ್ಲಿ. ಕಟ್ಟು ಗಾಡಿ. ಮೆರವಣಿಗೇಲೇ ಕಳಿಸ್ತೀನಿ."

ಗಂಗುಲಪ್ಪ ಸಿಕ್ಕಿಬಿದ್ದ. ದೇವರು ಎಂದವನು ತಾನೇ. ದೇವರಿಗೆ ಮೆರವಣಿಗೆ ಬೇಡ ಎನ್ನುವುದು ಹೇಗೆ?

ಗಾಡಿ ಹೊರಟಿತು. ಮುನಿಗಂಗಮ್ಮ ಮುಂದೆ ಜಾಗಟೆ ಬಾರಿಸುತ್ತಾ ನಡೆದಳು. ಬಾಗಿಲುಗಳಲ್ಲಿ ಜನ ಕೈಮುಗಿದು ನಿಂತರು. ಕಲ್ಲಿನ ಗುರುತು ಸಿಕ್ಕಿದ್ದೇ ಕೈಗಳು ಕೆಳಗಿಳಿದವು. ತನ್ನ ಜಗಲಿ ಮೇಲೆ ಕೂತಿದ್ದ ಶ್ರೀರಾಮಪ್ಪ ನಗಲು ಬಾಯಿ ತೆರೆದ.

"ನಗಬೇಡ ಶ್ರೀರಾಮಣ್ಣ," ಎಂದಳು ಮುನಿಗಂಗಮ್ಮ. " ಗಾಡೀಲಿ ಇನ್ನೂ ಜಾಗ ಐತೆ. ನಿನ್ನ ಜಗಲಿ ಮುಂದಿರೋ ದೇವ್ರನ್ನೂ ಹತ್ತಿಸು."

ಸಂಜೆಯವರೆಗೂ ಗಾಡಿ ತೋಪಿಗೆ ಹೋಗಿಬರುತ್ತಲೇ ಇತ್ತು. ಗಂಗುಲಪ್ಪನೇ ಅರಿಶಿನ ತೊಳೆದು, ಮಣ್ಣು ಸಮ ಮಾಡಿ, ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿದ. ಭಾರತಿ ಅದರ ಮೇಲೆ ಕಾಲಿಡಲು ಹಿಂಜರಿದಳು.

"ತುಳಿಯಮ್ಮ," ಎಂದ ತಲೆ ಎತ್ತದೆ. "ದಾರಿ ಕಲ್ಲು ಅದು. ತುಳಿಯೋಕೇ ಇರೋದು."

ಸಾಹೇಬರು ಬಂದು ನೋಡಿ ಹೋದರು. ಯಲ್ದೂರಿನ ದಾರಿಗೆ ಹಣ ಇನ್ನೂ ಬಂದಿಲ್ಲ. ಶರೀಫುನ್ನೀಸಾ, ಮುನಿಗಂಗಮ್ಮನ ಜೊತೆ ಈಗ ಗಂಗುಲಪ್ಪನೂ ಕಚೇರಿಗೆ ಹೋಗುತ್ತಾನೆ. ಬಾಗಿಲಲ್ಲಿ ನಿಂತು ಬೇಡುವುದಿಲ್ಲ. ಒಳಗೆ ಹೋಗಿ, ಮಳೆಗಾಲಕ್ಕೆ ಮೊದಲು ನಮ್ಮ ದಾರಿ ಆಗಬೇಕು ಎಂದು ಗಟ್ಟಿಯಾಗಿ ಕೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ತೋಪು, ದಾರಿ, ಬೆಂಚು ನಿಮ್ಮ ಬೆವರಿನ ದುಡ್ಡಿನವು. ಆಗದ ಕೆಲಸಕ್ಕೆ ಹಣ ಕೇಳಿ, ಕೊಡದಿದ್ದರೆ ಮತ್ತೆ ಹೋಗಿ ಕೇಳಿ. ಅದು ಭಿಕ್ಷೆಯಲ್ಲ. ಆದರೆ ಕದ್ದವನ ಬಾಯಿಗೆ ಕೇಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ಈಗಲೇ ಎದ್ದು ನಿಮ್ಮ ಹಿತ್ತಲಿಗೊಮ್ಮೆ ಹೋಗಿ ಬನ್ನಿ. ಅಲ್ಲಿರುವ ಕಲ್ಲು ಯಾರದು?