ಸೋಲು ನಮ್ಮದೋ, ನಿಮ್ಮದೋ

“ಮೊದಲು ಇದನ್ನ ಹೇಳು, ಸೋಲು ನಮ್ಮದೋ ನಿಮ್ಮದೋ?”

ಹಿರಿಯರಾದ ಥಿಯೋಕ್ತಿಸ್ತೋಸ್ ಹಾಳೆಯ ಮೇಲಿನ ಬೆರಳು ತೆಗೆಯದೆ ಕೇಳಿದರು. ಕಾನ್‌ಸ್ಟಾಂಟಿನೋಪಲಿನ ಆ ಮಠದಲ್ಲಿ ಹಳೆಯ ಗ್ರೀಕ್ ಪುಸ್ತಕಗಳನ್ನು ನಕಲು ಮಾಡುವ ಸನ್ಯಾಸಿಗಳ ತಪ್ಪು ಹಿಡಿಯುವುದು ಅವರ ಕೆಲಸ, ಸಂತೋಷವೂ ಅದೇ. ಈಗ ಎದುರಿಗಿದ್ದ ನಕಲುಗಾರ ವ್ಲಾಸಿಯೋಸ್ ಹೋದ ವಾರ ಒಂದು ಸಾಲನ್ನೇ ನುಂಗಿದ್ದ. ಇನ್ನೊಂದು ತಪ್ಪು ಸಿಕ್ಕಿದರೆ ಲೇಖನಿ ಕಿತ್ತುಕೊಂಡು ಅಡುಗೆಮನೆಗೆ, ಈರುಳ್ಳಿ ಸುಲಿಯಲು ಅಟ್ಟುವುದೆಂದು ತೀರ್ಮಾನವಾಗಿತ್ತು. ತನ್ನ ದುಂಡನೆಯ ಅಕ್ಷರ ಬಿಟ್ಟರೆ ಆ ಬಡಪಾಯಿಗೆ ಬೇರೆ ಗರ್ವವಿರಲಿಲ್ಲ.

“‘ನಿಮ್ಮದು’ ಅಂತ ಬರ್ದಿದೀನಿ ಸ್ವಾಮಿ. ಈ ಪುಸ್ತಕದಲ್ಲಿ ದಂಡನಾಯಕ ತನ್ನ ಸೈನಿಕರನ್ನ ಬೈತಿದಾನಲ್ಲ. ಯಾವ ದಂಡನಾಯಕ ತನ್ನ ತಪ್ಪು ಒಪ್ಕೊಂಡಿದಾನೆ?”

“ಸೋತು ಬಂದೋರ ಎದುರು ನಿಂತು ‘ನಿಮ್ಮದು’ ಅಂದ್ರೆ ಅವನ ತಲೆ ಉಳಿಯುತ್ತೇನೋ? ತಗೊಂಬಾ ಮೂಲಾನ.”

ಮೂಲದಲ್ಲಿ ಆ ಪದದ ಮೊದಲಕ್ಷರವನ್ನು ಹುಳ ತಿಂದು ಹೋಗಿತ್ತು. ಗ್ರೀಕಿನಲ್ಲಿ ಬರೆಯುವಾಗ ನಮ್ಮದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಆ ಒಂದಕ್ಷರದ್ದೇ. ಬಾಯಲ್ಲಂತೂ ಆ ಕಾಲಕ್ಕೆ ಎರಡೂ ಒಂದೇ, ‘ಇಮೋನ್’. ಗೊಣಗಿಕೊಂಡೇ ಬರೆಯುವುದು ಅಲ್ಲಿಯ ರೂಢಿ. ವ್ಲಾಸಿಯೋಸನ ಬಾಯಿ ಇಮೋನ್ ಎಂದಿತ್ತು, ಕೈ ತನಗೆ ತೋಚಿದ್ದನ್ನು ಬರೆದಿತ್ತು.

“ಗಟ್ಟಿಯಾಗಿ ಓದು. ಯಾವುದು ಸರಿ ಅಂತ ಕಿವಿಗೇ ಗೊತ್ತಾಗುತ್ತೆ.”

“ಇಮೋನ್.”

“ಹೂಂ. ಈಗ ಇನ್ನೊಂದನ್ನ ಓದು.”

“ಇಮೋನ್.”

ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಹಿರಿಯರ ಮುಖ ಕೆಂಪೇರಿತು.

“ಸಾಕು ಮಾಡು! ತಪ್ಪು ಯಾರದ್ದು ಗೊತ್ತಾ? ಇಮೋನ್!”

ವ್ಲಾಸಿಯೋಸ್ ತಲೆ ಬಾಗಿಸಿದ. “‘ನಮ್ಮದು’ ಅಂದ್ರಾ? ದೊಡ್ಡ ಮನಸ್ಸು ಸ್ವಾಮಿ. ಅಡುಗೆಮನೇಲಿ ಎರಡು ಚಾಕು ತೆಗೆದಿಡೋಕೆ ಹೇಳ್ಲಾ?”

“ನಾನಂದಿದ್ದು ಇನ್ನೊಂದು ಇಮೋನ್, ಕತ್ತೆ! ನೀವು ನಕಲು ಮಾಡೋರದ್ದು!”

“ಬಿಡಿಸಿ ಹೇಳಿದ್ರಿ, ತಿಳೀತು. ದಂಡನಾಯಕ ಸತ್ತು ಸಾವಿರ ವರ್ಷ ಆಯ್ತಲ್ಲ, ಅವನದು ಯಾವ ಇಮೋನ್ ಅಂತ ಯಾರನ್ನ ಕೇಳೋದು?”

ಥಿಯೋಕ್ತಿಸ್ತೋಸ್ ಕೈ ಚಾಚಿ ಅವನ ಲೇಖನಿ ಕಿತ್ತುಕೊಂಡರು. ವ್ಲಾಸಿಯೋಸನ ಮುಖದ ನಗೆ ಇಳಿಯಿತು. ಹಿರಿಯರು ಹಾಳೆಗೆ ಮೂಗು ತಾಗುವಷ್ಟು ಬಗ್ಗಿ, ಅವನು ಬರೆದದ್ದನ್ನು ಕೆರೆಯದೆ, ಅದರ ನೆತ್ತಿಯ ಮೇಲೆ ಅದನ್ನು ‘ನಮ್ಮದು’ ಆಗಿಸುವ ಅಕ್ಷರವನ್ನು ಇರುವೆಯಷ್ಟು ಸಣ್ಣಗೆ ಬರೆದರು.

“ಎರಡೂ ಇರ್ಲಿ. ಮುಂದೆ ಓದೋರು ಹೊಡೆದಾಡ್ಕೊಳ್ಳಲಿ.”

“ಮತ್ತೆ ನಾನು, ಸ್ವಾಮಿ?”

ಹಿರಿಯರು ಲೇಖನಿಯ ಮೊನೆಯನ್ನು ತಮ್ಮ ಅಂಗಿಯ ತೋಳಿಗೇ ಒರೆಸಿ, ಮಸಿಯಲ್ಲಿ ಅದ್ದಿ, ಅವನ ಕೈಗಿಟ್ಟರು.