ಮೂವರಲ್ಲಿ ನಡುವಿನವನು

ನಾನು ಒಂದು ಸರ್ವರ್. ಬೆಳಗಾವಿಯಲ್ಲಿ ಪಂಪಿನ ಎರಕ ಹೊಯ್ಯುವ ಕಾರ್ಖಾನೆಯೊಂದರ ತಂಪು ಕೋಣೆಯಲ್ಲಿ ಕಣ್ಣು ಬಿಟ್ಟೆ. ರಟ್ಟಿನ ಪೆಟ್ಟಿಗೆಯಿಂದ ನನ್ನನ್ನು ಎತ್ತಿದ್ದು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವಿಲಾಸ ಚೌಗುಲೆ. ನನ್ನಂಥವೇ ಇನ್ನೆರಡು ಜೊತೆಗಿದ್ದವು, ಒಂದು ಅಣ್ಣ, ಒಂದು ತಮ್ಮ. ಅಣ್ಣ ನನ್ನ ಪಕ್ಕದಲ್ಲೇ ನಿಂತ. ಬೆಂಕಿಗಿಂಕಿ ಬಿದ್ದರೆ ಒಂದಾದರೂ ಉಳಿಯಲಿ ಎಂದು ತಮ್ಮನನ್ನು ಬೇರೆ ಕಟ್ಟಡದಲ್ಲಿಟ್ಟರು.

ನಕ್ಷೆ ಬರೆಯುವವರು ಸಾಫ್ಟ್‌ವೇರ್ ತೆರೆಯಲು ಕೇಳಿದಾಗ ಅದರ ಅನುಮತಿ, ಅಂದರೆ ಲೈಸೆನ್ಸ್, ಕೊಡುವುದು ನಮ್ಮ ಕೆಲಸ. ಒಂದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಮೂವರು. ಆದರೆ ಕನಿಷ್ಠ ಇಬ್ಬರು ಒಬ್ಬರಿಗೊಬ್ಬರು ಮಾತಾಡುತ್ತಿರಬೇಕು. ಒಂಟಿಯಾದವನು ಯಾರಿಗೂ ಏನೂ ಕೊಡುವಂತಿಲ್ಲ. ಅಣ್ಣ ಕೊಡುತ್ತಿದ್ದ. ನಾನು "ಇದ್ದೇನೆ, ಇದ್ದೇನೆ" ಎನ್ನುತ್ತಿದ್ದೆ. ಇಷ್ಟಕ್ಕೇ ನಾನು ಬೇಕೇ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ವಿಲಾಸ ಕೆಲಸ ಬಿಟ್ಟ. ನಕ್ಷೆ ವಿಭಾಗದ ನೀಲಾಂಬಿಕಾ ಅವನ ಕುರ್ಚಿಗೆ ಬಂದಳು. ಕಪ್ಪು ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಗುನುಗುತ್ತಾ ಕಮಾಂಡ್ ಬರೆಯುತ್ತಿದ್ದಳು. ಅವಳು ಬಂದ ಮರುವರ್ಷ ತಮ್ಮನ ದನಿ ನಿಂತುಹೋಯಿತು. ಎಲ್ಲಿ ಹೋದನೋ! ನಾವಿಬ್ಬರು ಇದ್ದೆವು, ಕೆಲಸ ನಡೆಯಿತು. ಯಾರೂ ವಿಚಾರಿಸಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅಣ್ಣನೊಳಗೆ ಏನೋ ಸುಟ್ಟ ವಾಸನೆ. ಆಮೇಲೆ ಅವನೂ ಮೌನ.

ನಕ್ಷೆ ಬರೆಯುವ ಮೂವತ್ತು ಜನ ಕೈಕಟ್ಟಿ ಕೂತರು. ಅಂದೇ ಒಂದೂರಿನ ಕುಡಿಯುವ ನೀರಿನ ಪಂಪಿನ ಒಡೆದ ಭಾಗದ ನಕ್ಷೆ ಮುಗಿಯಬೇಕಿತ್ತು. ಅಲ್ಲಿ ಮೂರು ದಿನದಿಂದ ನಲ್ಲಿಯಲ್ಲಿ ಹನಿ ನೀರಿರಲಿಲ್ಲ. ಮ್ಯಾನೇಜರ್ ಇನಾಮದಾರರು ಕೋಣೆಗೆ ನುಗ್ಗಿದರು. ನೀಲಾಂಬಿಕಾ ನನ್ನ ಸ್ಥಿತಿ ಕೇಳಿದಳು. ಚಾಲೂ ಇದ್ದೇನೆ ಎಂದೆ.

"ಇದು ಚಾಲೂ ಐತ್ರಿ ಸರ್."

"ಚಾಲೂ ಇದ್ರ ಲೈಸೆನ್ಸ್ ಕೊಡಾಕ ಏನ್ ಧಾಡಿ ಅದಕ್ಕ?"

ನನಗೂ ಅದೇ ಗೊಂದಲ. ಲೈಸೆನ್ಸ್ ನನ್ನೊಳಗೇ ಇದೆ, ನಾನು ಸುಳ್ಳು ಹೇಳಿಲ್ಲ, ಆದರೂ ಕೊಡಲಾರೆ! ಅವಳು ನನ್ನನ್ನು ನಿಲ್ಲಿಸಿದಳು, ಎಬ್ಬಿಸಿದಳು, ಮತ್ತೆ ನಿಲ್ಲಿಸಿದಳು. ನಾನು ಯಾವ ತಪ್ಪಿಗೆ ಏಳುತ್ತಿದ್ದೇನೆ, ಯಾವ ತಪ್ಪಿಗೆ ಮಲಗುತ್ತಿದ್ದೇನೆ, ಒಂದೂ ಅರ್ಥವಾಗಲಿಲ್ಲ. ಕೊನೆಗೆ ನಾನು ಬರೆದಿಟ್ಟ ದಾಖಲೆಯನ್ನು ಅವಳು ಪೂರ್ತಿ ಓದಿದಳು: 'ಜೊತೆಯವರಿಗಾಗಿ ಕಾಯುತ್ತಿದ್ದೇನೆ.' ತಮ್ಮನ ಹೆಸರು ಬರೆದು ಕರೆದಳು. ಉತ್ತರವಿಲ್ಲ. ಅವಳ ಬೆರಳುಗಳು ಕೀಲಿಮಣೆಯ ಮೇಲೇ ನಿಂತವು. ಮರುಗಳಿಗೆ ಹೊರಗೆ ಓಡಿದಳು.

ತಳ್ಳುಗಾಡಿಯಲ್ಲಿ ತಮ್ಮನನ್ನು ಹೇರಿಕೊಂಡು ಬಂದಳು. ಮೈತುಂಬ ಒಗ್ಗರಣೆಯ ಜಿಡ್ಡು. ಹಿಂದೆಯೇ ಕ್ಯಾಂಟೀನಿನ ಫಕೀರಪ್ಪ ಬಂದ.

"ಅಕ್ಕಾರ, ಈ ಪೆಟ್ಟಿಗಿ ಇಲ್ದ ಊಟದ ಕೂಪನ್ ಹೆಂಗ ತಗೀಲಿ?"

"ಇವತ್ತ ಕೈಲೇ ಬರ್ದು ಕೊಡ್ರಿ, ಕಾಕಾ."

ತಂತಿ ಸಿಕ್ಕಿಸಿ ಕಮಾಂಡ್ ಬರೆದಳು. ತಮ್ಮ ಮೊದಲು ತೊದಲಿದ, ಆಮೇಲೆ "ಇದ್ದೇನೆ" ಎಂದ. ನಾನು ಜೀವನದಲ್ಲಿ ಮೊದಲ ಸಲ ಯಜಮಾನನಾಗಿ ಲೈಸೆನ್ಸ್ ಕೊಟ್ಟೆ. ಆಚೆ ಹಾಲ್‌ನಲ್ಲಿ ಕುರ್ಚಿಗಳನ್ನು ಎಳೆದ ಸದ್ದಾಯಿತು.

ಇನಾಮದಾರರ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಇದನ್ನ ಕ್ಯಾಂಟೀನಿಗೆ ಹಾಕಿದ್ದು ಆ ವಿಲಾಸನ ಇರ್ಬೇಕು. ಅಂವ ಈಗ ಇರೋ ಕಂಪನಿ ಸಾಹೇಬ್ರು ನನಗ ಪರಿಚಯ. ತಡೀರಿ, ಫೋನ್ ಹಚ್ತೀನಿ."

ನೀಲಾಂಬಿಕಾ ಸೆರಗಿನಿಂದ ಕೈಯ ಜಿಡ್ಡು ಒರೆಸಿಕೊಂಡಳು.

"ವಿಲಾಸ್ ಅಲ್ರಿ ಸರ್. ನಾನ ಕೊಟ್ಟಿದ್ದು. ಸುಮ್ನ ಕುಂತೈತಿ ಅನ್ಕೊಂಡಿದ್ದೆ."

ಅವರು ಅವಳನ್ನೇ ನೋಡಿದರು. ಫೋನನ್ನು ಜೇಬಿಗಿಳಿಸಿ ಹೊರಟುಹೋದರು. ಆ ವರ್ಷ ಅವಳಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅಣ್ಣ ರಿಪೇರಿಯಾಗಿ ಬಂದ ಮೇಲೆ ಅವಳು ದಿನಾ ಬೆಳಿಗ್ಗೆ ಮೂವರನ್ನೂ ಹೆಸರು ಹಿಡಿದು ಕೇಳುತ್ತಿದ್ದಳು.

ಈಗ ಲೈಸೆನ್ಸ್ ಎಲ್ಲಿಂದಲೋ ದೂರದಿಂದ ಬರುತ್ತದಂತೆ. ನಮ್ಮನ್ನು ಕೊನೆಯ ಸಲ ನಿಲ್ಲಿಸಿದವಳೂ ಅವಳೇ. ಉಗ್ರಾಣದ ಕಪಾಟಿನಲ್ಲಿ ಧೂಳು ಹೊದ್ದು ಕೂತಿದ್ದೇನೆ. ಅಂದಿನ ಲೆಕ್ಕ ನನ್ನ ತಲೆಗಿನ್ನೂ ಹತ್ತುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸಿ ಬಾಳಿದವನು ನಾನು. ತಮ್ಮನನ್ನು ಕೊಟ್ಟಿದ್ದು ಯಾರೆಂದು ಅವಳನ್ನು ಅಂದು ಯಾರೂ ಕೇಳಿರಲೇ ಇಲ್ಲ.